ಇಷ್ಟು ಕಡಿಮೆ ಹಣಕ್ಕೆ ಅಪೀಲು ಹಾಕಬಹುದಾ?

ಪ್ರಶ್ನೆ: ಸರ್, ಕೈಸಾಲ ವಸೂಲಿಗೆ ದಾವೆ ಹಾಕಿದ್ದೆ. ಮೊದಲ ಕೋರ್ಟಲ್ಲಿ ಗೆದ್ದೆ, ಅಪೀಲಲ್ಲಿ ಸೋತೆ. ಈಗ ಬಡ್ಡಿ ಸೇರಿ 40 ಸಾವಿರ ದಾಟಿದೆ. ಹೈಕೋರ್ಟಿಗೆ ಹೋಗಬಹುದಾ?

ವಕೀಲರು: ದಾವೆ ಹಾಕಿದ ದಿನ ಎಷ್ಟು ಕೇಳಿದ್ದಿರಿ?

ಪ್ರಶ್ನೆ: ಅಸಲು, ಅಲ್ಲಿವರೆಗಿನ ಬಡ್ಡಿ ಸೇರಿ 24,600.

ವಕೀಲರು: ಹಾಗಾದರೆ ಎರಡನೇ ಅಪೀಲು ಇಲ್ಲ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 102ರ ಪ್ರಕಾರ ಹಣ ವಸೂಲಿಯ ಮೂಲ ದಾವೆ 25,000 ರೂಪಾಯಿ ಮೀರಿರಬೇಕು. ಸರಿಯಾಗಿ 25,000 ಇದ್ದರೂ ಆಗುವುದಿಲ್ಲ. ಕೇಸು ನಡೆಯುತ್ತಾ ನಡೆಯುತ್ತಾ ಬೆಳೆದ ಬಡ್ಡಿಯನ್ನು ಇದಕ್ಕೆ ಸೇರಿಸಲು ಬರುವುದಿಲ್ಲ, ಬಂದಿದ್ದರೆ ಕೇಸು ಎಳೆದಷ್ಟೂ ಅಪೀಲು ಸಿಗುತ್ತಿತ್ತು ಅಲ್ವಾ. ಸಂವಿಧಾನದ 227ನೇ ವಿಧಿಯಲ್ಲಿ ಹೈಕೋರ್ಟಿಗೆ ಅರ್ಜಿ ಹಾಕುವ ದಾರಿ ಇದೆ. ಆದರೆ ಅದು ಅಪೀಲಲ್ಲ, ಸಾಕ್ಷಿಯನ್ನು ಮತ್ತೆ ತೂಗಿ ನೋಡುವುದಿಲ್ಲ. ನಿಮ್ಮ ಖರ್ಚೇ ಜಾಸ್ತಿಯಾದೀತು.

ಇನ್ನೊಬ್ಬರು: ನಮ್ಮದು ಬದುವಿನ ತಕರಾರು ಸರ್. ಜಾಗದ ಬೆಲೆ 25 ಸಾವಿರವೂ ಇಲ್ಲ. ನಮಗೂ ಬಾಗಿಲು ಮುಚ್ಚಿತಾ?

ವಕೀಲರು: ಇಲ್ಲ, 102 ಬರೀ ಹಣ ವಸೂಲಿ ದಾವೆಗೆ. ನಿಮಗೆ ಕಲಂ 100 ಇದೆ, ಅಲ್ಲಿ ಹಣದ ಮಿತಿ ಇಲ್ಲ. ಆದರೆ ಕಾನೂನಿನ ಗಟ್ಟಿ ಪ್ರಶ್ನೆಯೊಂದು ಇರಲೇಬೇಕು, ತೀರ್ಪು ಸರಿಯಿಲ್ಲ ಅಂತ ಸುಮ್ನೆ ಹೇಳಿದರೆ ಸಾಲದು. ಮೊದಲ ಅಪೀಲಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಆದ ದಿನದಿಂದ 90 ದಿನ ಟೈಮಿದೆ.

ಮತ್ತೊಬ್ಬರು: ಅಪಘಾತದ ಕೇಸಲ್ಲಿ ಟ್ರಿಬ್ಯೂನಲ್ (ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ) 4 ಲಕ್ಷ ಕೊಟ್ಟಿದೆ. ನಾವು ಕೇಳಿದ್ದು 4.60 ಲಕ್ಷ. ಅಪೀಲಿಗೆ ಮಿತಿ 1 ಲಕ್ಷ ಅಂತಾರೆ, ನಮ್ಮದು ದಾಟಿದೆ ತಾನೆ?

ವಕೀಲರು: ದಾಟಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಮೋಟಾರು ವಾಹನ ಕಾಯ್ದೆ ಕಲಂ 173ರಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಹಣವಲ್ಲ, ಅಪೀಲಿನಲ್ಲಿ ತಕರಾರಿರುವ ಹಣ. ನಿಮ್ಮದು 60 ಸಾವಿರ. ಮೊದಲು ಮಿತಿ 10 ಸಾವಿರ ಇತ್ತು, 2019ರ ತಿದ್ದುಪಡಿ ಅದನ್ನು 1 ಲಕ್ಷಕ್ಕೆ ಏರಿಸಿತು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಮತ್ತೊಬ್ಬರು: ಹಾಗಾದರೆ ವಿಮೆಯವರಿಗೂ ಅಪೀಲಿಲ್ಲ ಅಲ್ವಾ?

ವಕೀಲರು: ಅವರು ಏನು ಕೇಳುತ್ತಾರೆ ಅನ್ನುವುದರ ಮೇಲೆ. 50 ಸಾವಿರ ಕಡಿಮೆ ಮಾಡಿ ಅಂದರೆ ಇಲ್ಲ. ‘ಪಾಲಿಸಿಯೇ ಇರಲಿಲ್ಲ, ಹೊಣೆಯೇ ನಮ್ಮದಲ್ಲ’ ಅಂದರೆ ಇಡೀ 4 ಲಕ್ಷವೂ ತಕರಾರೇ, ಅಪೀಲು ಹಾಕಬಹುದು. ಅದಕ್ಕೆ 25,000 ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಹೈಕೋರ್ಟಲ್ಲಿ ಮೊದಲು ಕಟ್ಟಬೇಕು, ಅಷ್ಟೇ. ಗಾಯವಾದವರಿಗೆ 60 ಸಾವಿರ ಚಿಕ್ಕ ಮೊತ್ತ ಅಂತ ಯಾರು ಲೆಕ್ಕ ಹಾಕಿದರೋ, ನನಗಂತೂ ಇದು ಒಪ್ಪಿಗೆಯಿಲ್ಲ.