ಡಿಎನ್‌ಎ ಟೆಸ್ಟ್ ಮಾಡಿದ ಮೇಲೂ ಗುರುತು ಸಿಗದೇ ಇರುವುದು ಯಾಕೆ?

ಕೂಳೂರಿನವ:
ದಿನಾ ಕೂಳೂರು ಸೇತುವೆ ದಾಟಿ ಕೆಲಸಕ್ಕೆ ಹೋಗುವವ ನಾನು. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ತೀರಿಕೊಂಡ 158 ಮಂದಿಯಲ್ಲಿ ಗುರುತು ಸಿಗದ 12 ಮಂದಿಯನ್ನು ಇಲ್ಲೇ ಹೊಳೆ ಬದಿಯಲ್ಲಿ ಮಣ್ಣು ಮಾಡಿದ್ದಾರೆ. ನಿನ್ನೆ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. "ಪಪ್ಪಾ, ಡಿಎನ್‌ಎ ನೋಡಿದ್ರೆ ಯಾರಂತ ಗೊತ್ತಾಗ್ತದಲ್ವಾ?" ಎಂದು ಕೇಳಿದಳು. ಸ್ಯಾಂಪಲ್ ಹೈದರಾಬಾದಿಗೆ ಹೋಗಿತ್ತು, ಅಷ್ಟು ನೆನಪುಂಟು. ಮತ್ತೆ ಯಾಕೆ ಆಗಲಿಲ್ಲ? ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

ಉಡುಪಿ ಪಿಪೆಟ್:
ನಾನು ಲ್ಯಾಬ್ ಟೆಕ್ನಿಷಿಯನ್. ಇಂಥ ಕೆಲಸದಲ್ಲಿ ಎಲ್ಲೆಲ್ಲಿ ತೊಡಕಾಗುತ್ತದೆ ಎಂದು ಹೇಳುತ್ತೇನೆ.

ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎನ್ನುವ ನಾಲ್ಕು ರಾಸಾಯನಿಕ ಅಕ್ಷರಗಳ ಉದ್ದ ಸಾಲು. ಅದರಲ್ಲಿ ಯಾರ ಹೆಸರೂ ಬರೆದಿರುವುದಿಲ್ಲ. ಹೋಲಿಸಲು ಇನ್ನೊಂದು ಸ್ಯಾಂಪಲ್ ಬೇಕೇ ಬೇಕು. ನಮ್ಮದು ನಿಮ್ಮದು ನೂರಕ್ಕೆ 99.9 ಪಾಲು ಒಂದೇ. ಉಳಿದ ಚೂರಿನಲ್ಲಿ ಕೆಲವು ಜಾಗ ಮಾತ್ರ ನೋಡುವುದು. ಅಲ್ಲಿ ಜಿ-ಎ-ಟಿ-ಎ ತರದ ನಾಲ್ಕಕ್ಷರ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎನ್ನುವುದೇ ಲೆಕ್ಕ. ಒಂದು ಜಾಗದಲ್ಲಿ ನನಗೆ ಅಪ್ಪನಿಂದ 8, ಅಮ್ಮನಿಂದ 11 ಬಂದಿದ್ದರೆ, ನನ್ನ ಮಗಳಿಗೆ ಅವೆರಡರಲ್ಲಿ ಒಂದು ಬರಬೇಕು. ಒಂದು ಜಾಗ ಊರಲ್ಲಿ ಸುಮಾರು ಜನರಿಗೆ ತಾಳೆಯಾದೀತು. 15-20 ಜಾಗವೂ ಒಟ್ಟಿಗೆ ತಾಳೆಯಾದರೆ ಮತ್ತೆ ಮಾತಿಲ್ಲ.

ಬೆಂಕಿಯಲ್ಲಿ ಈ ಸಾಲೇ ತುಂಡುತುಂಡಾಗುತ್ತದೆ. ಏನು ಎಣಿಸುವುದು? ಆಗ ಹಲ್ಲು, ತೊಡೆ ಮೂಳೆಯ ಒಳಗೆ ಹುಡುಕಬೇಕು. ಇನ್ನು, ಬಟ್ಟೆ ನೋಡಿ ಒಂದು ದೇಹ ತಪ್ಪಿ ಬೇರೆ ಮನೆಗೆ ಹೋಯಿತು ಅಂತ ಇಟ್ಟುಕೊಳ್ಳಿ. ಆ ಮನೆಯವರು ರಕ್ತ ಕೊಡಲು ಬರುವುದೇ ಇಲ್ಲ. ಅವರ ನಿಜವಾದ ಮಗ ಯಾರಿಗೂ ತಾಳೆಯಾಗದೆ ಉಳಿದುಬಿಡುತ್ತಾನೆ.

ಕೈ ತಪ್ಪುವುದೂ ಉಂಟು. 2020ರಲ್ಲಿ ಕೊರೊನಾ ಟೆಸ್ಟ್ ಮಾಡುವಾಗ, ಸುಮ್ನೆ ನೀರು ಹಾಕಿಟ್ಟ ಟ್ಯೂಬು ಪಾಸಿಟಿವ್ ಬಂತು! ನನ್ನ ಗ್ಲೌಸಿನಿಂದಲೇ ಹೋಗಿರಬೇಕು. ಇಡೀ ಪ್ಲೇಟ್ ಎಸೆದು ರಾತ್ರಿ 11ಕ್ಕೆ ಮತ್ತೆ ಶುರು. ಈ ಟೆಸ್ಟಿನಲ್ಲೂ ಡಿಎನ್‌ಎ ಟೆಸ್ಟಿನಲ್ಲೂ ಬಳಸುವ ಪಿಸಿಆರ್ ಎಂಬ ನಕಲು ಮಾಡುವ ವಿಧಾನ ಒಂದನ್ನು ಕೋಟಿ ಮಾಡುತ್ತದೆ. ಕಸ ಬಿದ್ದರೆ ಕಸವನ್ನೂ.

ಅವಳಿಗಳ ಅಕ್ಕ, ಸುರತ್ಕಲ್:
ನನ್ನ ತಮ್ಮಂದಿರು ಅವಳಿ, ನೋಡಲು ಥೇಟ್ ಒಂದೇ. ಆದರೆ ಒಬ್ಬನ ಬೆರಳಿಗೆ ಇನ್ನೊಬ್ಬನ ಫೋನ್ ತೆರೆಯುವುದಿಲ್ಲ. ಡಿಎನ್‌ಎಯೂ ಹಾಗೆಯಾ?

ಉಡುಪಿ ಪಿಪೆಟ್:
ಅಲ್ಲ ಅಕ್ಕ. ಈ ಟೆಸ್ಟಿಗೆ ಅವರಿಬ್ಬರೂ ಒಬ್ಬನೇ. "ಡಿಎನ್‌ಎ ಬೆರಳಚ್ಚು" ಎನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ.

ಹಳೇ ಗುಮಾಸ್ತ:
ಈ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದದ್ದು 1984ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಜೆಫ್ರೀಸ್. ಮೊದಲ ಕೊಲೆ ಕೇಸಿನಲ್ಲೇ, ತಪ್ಪೊಪ್ಪಿಕೊಂಡಿದ್ದ ಹುಡುಗನೊಬ್ಬ ಅಪರಾಧಿ ಅಲ್ಲವೆಂದು ತೋರಿಸಿತು. ಅದು ನನಗೆ ಹಿಡಿಸಿದ ಸಂಗತಿ. ನಮ್ಮ ದೇಶದ ಮೊದಮೊದಲ ಕೇಸು ಇಲ್ಲೇ ಕೆಳಗೆ ಕೇರಳದ ತಲಶ್ಶೇರಿಯದ್ದು. ಮಗುವಿನ ತಂದೆ ಯಾರು ಎಂಬ ತಕರಾರು. ಹೈದರಾಬಾದಿನ ವಿಜ್ಞಾನಿ ಲಾಲ್ಜಿ ಸಿಂಗ್ ಪರೀಕ್ಷೆ ಮಾಡಿದ್ದರು.

ಕೂಳೂರಿನವ:
ಎಲ್ಲ ಓದಿ ಹೇಳಿದೆ. "ಅಪ್ಪ ಅಮ್ಮ ಮಕ್ಕಳು ಯಾರೂ ಇಲ್ಲದಿದ್ರೆ?" ಅಂತಾಳೆ.

ಉಡುಪಿ ಪಿಪೆಟ್:
ಅವರು ಬಳಸಿದ ಟೂತ್‌ಬ್ರಶ್ ಇದ್ದರೂ ಆಗುತ್ತದೆ. ತೊಳೆಯದೆ ಕಾಗದದ ಲಕೋಟೆಗೆ ಹಾಕಿ ಕೊಡಬೇಕು. ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳಲೇ ಬೇಡಿ.