ಸಹಾಯ ಬೇಕು: ತಂಗಿಗೆ ಕ್ಯಾಲ್ಕುಲಸ್ ಅರ್ಥ ಮಾಡಿಸೋ ವಿಡಿಯೋ ಗೊತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸೆಕೆಂಡ್ ಪಿಯು ಸೈನ್ಸ್. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಗಣಿತದಲ್ಲಿ ಚುರುಕಾಗಿಯೇ ಇದ್ದಳು, ಈಗ ಕ್ಯಾಲ್ಕುಲಸ್ ಹತ್ತಿರ ಬಂದು ನಿಂತುಬಿಟ್ಟಿದ್ದಾಳೆ.

ಸೂತ್ರಗಳೆಲ್ಲ ಬಾಯಿಪಾಠ. ಆದರೆ ನಿನ್ನೆ ಸೈನ್ ಒಳಗೆ ಎಕ್ಸ್ ಸ್ಕ್ವೇರ್ ಇರುವುದನ್ನು ಡಿಫರೆನ್ಶಿಯೇಟ್ ಮಾಡುವ ಲೆಕ್ಕ ಕೊಟ್ಟರೆ, ಕಾಸ್ ಎಕ್ಸ್ ಸ್ಕ್ವೇರ್ ಅಂತ ಬರೆದು ಪೆನ್ ಕೆಳಗಿಟ್ಟಳು. ಚೈನ್ ರೂಲ್‌ನಿಂದ ಬರಬೇಕಾದ 2ಎಕ್ಸ್ ಎಲ್ಲಿ ಅಂದರೆ, "ಅದು ಯಾಕೆ ಬರುತ್ತೆ ಅಕ್ಕಾ?" ಅಂದಳು. ನಾನು ಕಾಮರ್ಸ್ ಓದಿದವಳು. ಪುಸ್ತಕದ ಹಿಂದಿನ ಉತ್ತರ ನೋಡಿ ಕೇಳಿದ್ದೆ ಅಷ್ಟೇ!

ತ್ರೀ ಬ್ಲೂ ಒನ್ ಬ್ರೌನ್ ಚಾನೆಲ್‌ನ ಕ್ಯಾಲ್ಕುಲಸ್ ಸರಣಿ ಇಬ್ಬರೂ ಕೂತು ನೋಡಿದೆವು. ವೃತ್ತವನ್ನು ಬಳೆಗಳ ಹಾಗೆ ಬಿಡಿಸಿ ವಿಸ್ತೀರ್ಣ ತೋರಿಸುವುದು ನನಗೂ ತಲೆಗೆ ಹೋಯಿತು. ಆದರೆ ಆ ಇಂಗ್ಲಿಷ್ ವೇಗಕ್ಕೆ ಅವಳು ಸುಸ್ತಾದಳು. ಖಾನ್ ಅಕಾಡೆಮಿಯಲ್ಲಿ ಅಭ್ಯಾಸದ ಲೆಕ್ಕಗಳು ಚೆನ್ನಾಗಿವೆ, ಸಿಕ್ಕಿಹಾಕಿಕೊಂಡರೆ ಸುಳಿವೂ ಸಿಗುತ್ತದೆ. ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಇಳಿಸಿಕೊಂಡಿದ್ದೇವೆ. ಡೆಸ್ಮೋಸ್‌ನಲ್ಲಿ ಗ್ರಾಫ್ ಎಳೆಯುವುದು ಮಾತ್ರ ಅವಳಿಗೆ ಆಟದ ಹಾಗೆ.

ಈಗ ಬೇಕಿರುವುದು ಲಿಮಿಟ್, ಚೈನ್ ರೂಲ್, ಇಂಟಿಗ್ರೇಷನ್ ಇವನ್ನು ಕನ್ನಡದಲ್ಲಿ ನಿಧಾನವಾಗಿ, "ಯಾಕೆ" ಅನ್ನುವುದನ್ನೂ ಸೇರಿಸಿ ಹೇಳುವ ವಿಡಿಯೋ. ಟರ್ಮ್‌ಗಳು ಇಂಗ್ಲಿಷ್‌ನಲ್ಲೇ ಇರಲಿ, ಪರೀಕ್ಷೆ ಬರೆಯುವುದು ಅದರಲ್ಲೇ ಅಲ್ವಾ. ಬಿಡಿಸಿದ ಲೆಕ್ಕಗಳ ನೋಟ್ಸ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಇರುವುದು ಒಂದೇ ಮೊಬೈಲ್, ಹಾಗಾಗಿ ಉಚಿತದ್ದು, ಚಿಕ್ಕ ವಿಡಿಯೋಗಳಿದ್ದರೆ ಅನುಕೂಲ. ಕೋಚಿಂಗ್ ಜಾಹೀರಾತು ದಯವಿಟ್ಟು ಬೇಡ. ನೀವೇ ನೋಡಿ ಕಲಿತದ್ದಿದ್ದರೆ ಲಿಂಕ್ ಹಾಕಿ.