ಓದುಗರ ಸ್ಪಂದನ: ರಾತ್ರಿ ಎರಡಾದರೂ ಮಗ ಗೇಮ್ ಬಿಡುತ್ತಿಲ್ಲ

ಎಸ್ಸೆಸ್ಸೆಲ್ಸಿ ಓದುವ ಮಗ ರಾತ್ರಿ ಎರಡರವರೆಗೂ ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಗೇಮ್ ಆಡುತ್ತಾನೆ, ಫೋನ್ ಕಿತ್ತುಕೊಂಡರೆ ಊಟ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾನೆ, ಮಾರ್ಕ್ಸ್ ಗತಿಯೇನು, ವೈಫೈ ತೆಗೆಸಿಬಿಡಲೇ ಎಂದು ರಾಜಾಜಿನಗರದ ತಾಯಿಯೊಬ್ಬರು ಕಳೆದ ವಾರ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರ ಹಳೆಯ ಗಾಯವನ್ನು ಕೆದಕಿತು. ಅದಿರಲಿ, ಕೆಲಸಕ್ಕೆ ಬರುವುದನ್ನೇ ಬರೆಯುತ್ತೇನೆ. ವೈಫೈ ತೆಗೆಸಬೇಡಿ ಅಕ್ಕ. ಸಿಮ್‌ನಲ್ಲಿ ಡೇಟಾ ಇರುತ್ತದೆ, ಅದಿಲ್ಲದಿದ್ದರೆ ಗೆಳೆಯನ ಹಾಟ್‌ಸ್ಪಾಟ್. ಮೊದಲು ಆ ಆಟ ಹೇಗೆ ನಡೆಯುತ್ತದೆಂದು ಪಕ್ಕದಲ್ಲಿ ಕೂತು ನೋಡಿ. ಅದರ ಎರಾಂಗೆಲ್ ಎಂಬ ಮ್ಯಾಪಿನಲ್ಲಿ ಒಂದು ಮ್ಯಾಚ್ ಕೊನೆತನಕ ಹೋದರೆ ಸುಮಾರು ಅರ್ಧ ಗಂಟೆ. ನಾಲ್ವರ ತಂಡ (ಸ್ಕ್ವಾಡ್), ನಡುವೆ ಕಿತ್ತುಕೊಂಡರೆ ಉಳಿದ ಮೂವರಿಂದ ಬೈಸಿಕೊಳ್ಳುವವನು ನಿಮ್ಮ ಮಗ. ರಂಪ ಆಗುವುದು ಅದಕ್ಕೇ. ಹಾಗಾಗಿ ಮಿತಿಯನ್ನು ನಿಮಿಷದಲ್ಲಿ ಹೇಳದೆ ಮ್ಯಾಚ್‌ಗಳಲ್ಲಿ ಹೇಳಿ: ‘ಇನ್ನೆರಡು ಮ್ಯಾಚ್, ಆಮೇಲೆ ಊಟ.’ ಅದನ್ನೂ ಮ್ಯಾಚ್ ಶುರುವಾಗುವ ಮುನ್ನ ಲಾಬಿಯಲ್ಲಿ ಕಾಯುತ್ತಿರುವಾಗ ಹೇಳಬೇಕು, ಆಟದೊಳಗೆ ವಿಮಾನದಿಂದ ಜಿಗಿದ ಮೇಲಲ್ಲ. ಐದು ಗಂಟೆ ಆಡುವವನನ್ನು ಒಮ್ಮೆಲೇ ಸೊನ್ನೆಗೆ ಇಳಿಸಲು ಹೋಗಬೇಡಿ. ವಾರಕ್ಕೊಂದು ಮ್ಯಾಚ್ ಕಡಿಮೆ ಮಾಡಿ. ರಾತ್ರಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹತ್ತು ಗಂಟೆಗೆ ಮನೆಯವರೆಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ. ಅಲಾರಂಗೆ ಬೇಕೆಂದರೆ ಗಡಿಯಾರ ಕೊಡಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಸರಿಹೋಗದೆ ಓದು ಸರಿಹೋಗುವುದಿಲ್ಲ. ಖಾತೆಯಲ್ಲಿ ಎಷ್ಟು ವಯಸ್ಸು ಕೊಟ್ಟಿದ್ದಾನೆ ಅಂತಲೂ ನೋಡಿ. 18 ತುಂಬದವರಿಗೆ ಆ ಆಟದಲ್ಲೇ ದಿನಕ್ಕೆ 3 ಗಂಟೆಯ ಮಿತಿಯಿದೆ. ದೊಡ್ಡವನೆಂದು ಬರೆದುಕೊಂಡಿದ್ದರೆ ಅದು ಅವನಿಗೆ ತಾಗುವುದಿಲ್ಲ.
— ಓದುಗರೊಬ್ಬರು, ಮಲ್ಲೇಶ್ವರ

ಈ ಪತ್ರವನ್ನು ಮೊಟಕು ಮಾಡಲು ಮನಸ್ಸಾಗಲಿಲ್ಲ. ಮುಂದಿನದು ಚುಟುಕು.

ನಿಮ್ಮ ಪತ್ರದ ತುಂಬ ಮಾರ್ಕ್ಸ್ ಮಾತೇ. ಮಗ ಯಾರ ಜೊತೆ ಆಡುತ್ತಾನೆ ಎಂಬುದು ಒಮ್ಮೆಯೂ ಇಲ್ಲ. ಮೊದಲು ಅದನ್ನು ಕೇಳಿ.
— ನಿವೃತ್ತ ಶಿಕ್ಷಕಿ, ವಿಜಯನಗರ

ಹಣದ ಮಾತನ್ನು ತಾಯಿ ಎತ್ತಿರಲಿಲ್ಲ. ಆದರೂ ಉಳಿದವರಿಗೆ ಉಪಯೋಗವಾದೀತು.

ಸ್ಕಿನ್ (ಆಟದೊಳಗಿನ ವೇಷ), ರಾಯಲ್ ಪಾಸ್ (ಬಹುಮಾನಗಳ ಪಾಸ್) ಅಂತ ದುಡ್ಡು ಹೋಗುತ್ತಿದೆಯೇ ನೋಡಿ. ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಪ್ಲೇ ಸ್ಟೋರಿನಲ್ಲಿ ಸೇವ್ ಆಗಿರುವ ಕಾರ್ಡ್ ತೆಗೆದುಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ತಾನಾಗಿಯೇ ದುಡ್ಡು ಕಡಿತವಾಗುವ ಆಟೊಪೇ ಪಟ್ಟಿ ನೋಡುವುದನ್ನು ಬಹಳ ಜನ ಮರೆಯುತ್ತಾರೆ.
— ಬ್ಯಾಂಕ್ ಉದ್ಯೋಗಿ, ಯಲಹಂಕ

ಫೋನ್ ಒಡೆದುಹಾಕಿ ಎಂದವರೂ ಇದ್ದಾರೆ. ಆ ಪತ್ರಗಳನ್ನು ಇಲ್ಲಿ ಕೊಡುತ್ತಿಲ್ಲ.

ಆಟದ ಹುಚ್ಚೆಲ್ಲ ಕಾಯಿಲೆಯಲ್ಲ. ಕಾಯಿಲೆ ಎನ್ನಬೇಕಾದರೆ ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಬೇಕು, ನಷ್ಟ ಕಣ್ಣಿಗೆ ಕಂಡರೂ ಬಿಡದಿರಬೇಕು, ಇದು ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಹೇಳುವುದು ಇಷ್ಟು. ಆದರೆ ಶಾಲೆಗೇ ಹೋಗುತ್ತಿಲ್ಲ, ಸಾಯುವ ಮಾತಾಡುತ್ತಾನೆ ಎಂದಾದರೆ ತಿಂಗಳು ಎಣಿಸುತ್ತ ಕೂರಬೇಡಿ. ನಿಮ್ಹಾನ್ಸ್ ಗೇಮ್, ಫೋನ್ ಗೀಳಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ಶುರುಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗ ಬರಲೊಲ್ಲೆ ಅಂದರೆ ಮೊದಲು ಅಪ್ಪ ಅಮ್ಮ ಇಬ್ಬರೇ ಹೋಗಿ ಮಾತಾಡಿ ಬನ್ನಿ.
— ಆಪ್ತಸಮಾಲೋಚಕಿ, ಜಯನಗರ